ಕಲ್ಲಜ್ಜನ ಕತ್ತು ಒಳಗೆ ಹೋಯಿತು

ಮಕ್ಕಳೇ, ನೇರಳೆಕೆರೆ ಅಂತ ಒಂದು ಕೆರೆ. ಅದರ ದಂಡೆಯಲ್ಲಿ ಒಂದು ಚಪ್ಪಟೆ ಬಂಡೆ. ದಿನಾ ಸಂಜೆ ಯಾರಾದರೊಬ್ಬರು ಆ ಬಂಡೆ ಹತ್ತಿ ಕತೆ ಹೇಳಬೇಕು, ಕಾಡಿನವರೆಲ್ಲ ಕೂತು ಕೇಳಬೇಕು. ಕತೆ ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಪು ಕೊಡುವವನು ಮಾತ್ರ ಒಬ್ಬನೇ, ಮುದಿ ಆಮೆ ಕಲ್ಲಜ್ಜ. ಅವನು ಕತ್ತು ಚಾಚಿದರೆ ಕತೆ ಗೆದ್ದಂತೆ. ಕತ್ತು ಒಳಗೆಳೆದುಕೊಂಡನೋ, ಮುಗಿಯಿತು. ಹೇಳಿದವರು ಮತ್ತೆಂದೂ ಬಂಡೆ ಹತ್ತುವ ಹಾಗಿರಲಿಲ್ಲ.

ಕಲ್ಲಜ್ಜನ ಪಾಲಿಗೆ ಕತೆ ಅಂದರೆ ಒಂದೇ. ಅವನು ಅಂಗೈಯಷ್ಟು ಮರಿಯಾಗಿದ್ದಾಗ ಮುಳ್ಳುಹಂದಿ ಸೂರಪ್ಪ ಹೇಳುತ್ತಿದ್ದ 'ಗೆಜ್ಜೆ ದೆವ್ವ'. ದೆವ್ವ ಬರುವ ಹೊತ್ತಿಗೆ ಸೂರಪ್ಪ ಬೆನ್ನಿನ ಮುಳ್ಳುಗಳನ್ನು ಝಲ್ಲೆಂದು ಅಲುಗಿಸುತ್ತಿದ್ದ. ಮರಿ ಆಮೆ ಗಡಗಡ ನಡುಗಿ ಕತ್ತು ಒಳಗೆಳೆದುಕೊಳ್ಳುತ್ತಿತ್ತು.

"ನೋಡ್ರಪ್ಪಾ, ಕತ್ತು ಒಳಗೆ ಹೋಯ್ತು! ನನ್ನ ಕತೆ ಗೆದ್ದಿತು!" ಎಂದು ಸೂರಪ್ಪ ಹೊಟ್ಟೆ ಹಿಡಿದು ನಗುತ್ತಿದ್ದ.

ಅಯ್ಯೋ, ಎಂಥ ಸಂಜೆಗಳು ಅವು! ಸೂರಪ್ಪ ಹೋದ, ಜೊತೆಗೆ ಕೂತು ಹೆದರಿದ ಗೆಳೆಯರೂ ಹೋದರು. ಅವನ ಬಾಯಿಂದಲೇ ಆ ಕತೆ ಕೇಳಿದವರಲ್ಲಿ ಉಳಿದವನು ಕಲ್ಲಜ್ಜ ಒಬ್ಬನೇ.

ಆಮೇಲೆ ಬಂದವರು ಆ ದೆವ್ವವನ್ನು ಸುಮ್ಮನೆ ಬಿಟ್ಟರೇ? ನರಿ 'ಗೆಜ್ಜೆ ದೆವ್ವ ಮತ್ತೆ ಬಂತು' ಎಂಬ ಕತೆ ಕಟ್ಟಿತು. ಕೋತಿ 'ಗೆಜ್ಜೆ ದೆವ್ವದ ಮಗ' ಎಂಬ ಕತೆ ಹೇಳಿತು. ಕಾಡುಹಂದಿಯಂತೂ ದೆವ್ವಕ್ಕೆ ಮದುವೆಯನ್ನೇ ಮಾಡಿಸಿತು! ಅಳಿಲು ಹುಣಸೆಬೀಜ ಪೋಣಿಸಿ 'ದೆವ್ವದ ಗೆಜ್ಜೆ, ದೆವ್ವದ ಗೆಜ್ಜೆ' ಎಂದು ಮರಮರಕ್ಕೂ ಹೊತ್ತು ಮಾರಿತು. ಕಲ್ಲಜ್ಜ ಎಲ್ಲದಕ್ಕೂ ಕತ್ತು ಒಳಗೆಳೆದುಕೊಂಡ. ಬರಬರುತ್ತಾ ಕತೆ ಶುರುವಾಗುವ ಮೊದಲೇ ಒಳಗೆ ಸೇರತೊಡಗಿದ.

ಒಂದು ಸಂಜೆ ಸೂರಪ್ಪನ ಮೊಮ್ಮಗಳು ಸೂಜಿ ಬಂಡೆ ಹತ್ತಿದಳು. ಕತೆ ಹೇಳುವುದೆಂದರೆ ಅವಳಿಗೆ ಪ್ರಾಣ. ಇದ್ದದ್ದು ಇದೊಂದೇ ಅವಕಾಶ.

"ಗೆಜ್ಜೆ ದೆವ್ವ, ಭಾಗ ಐದು," ಎಂದಳು.

"ಐದಂತೆ, ಐದು!" ಎಂದು ಕಲ್ಲಜ್ಜ ಗೊಣಗಿದ. ಸರಕ್ಕನೆ ಕತ್ತು ಒಳಗೆ ಹೋಯಿತು.

ಚಿಪ್ಪಿನೊಳಗೆ ಬೆಚ್ಚಗಿತ್ತು. ಅವನು ಹಳೆಯ ಸಂಜೆಗಳನ್ನೇ ನೆನೆಯುತ್ತ ಕೂತುಬಿಟ್ಟ. ಹೊರಗಿನ ಮಾತು ಒಂದೂ ಕಿವಿಗೆ ಬೀಳಲಿಲ್ಲ. ಕತೆ ಮುಗಿದ ಮೇಲೆ ಮೂಗಿನ ತುದಿಯಷ್ಟೇ ಹೊರಹಾಕಿ, "ಥೂ, ಸಪ್ಪೆ! ಸೂರಪ್ಪನ ಕತೆಯ ಕಾಲಧೂಳಿಗೂ ಸಮ ಇಲ್ಲ. ಇಳಿ ಕೆಳಗೆ," ಎಂದ.

ಸೂಜಿಯ ಕಣ್ಣು ತುಂಬಿತು. ಆದರೂ ಅವಳು ಇಳಿಯಲಿಲ್ಲ.

"ಅಜ್ಜಾ, ನಾನು ಕತೆ ಶುರುಮಾಡುವ ಮೊದಲೇ ನೀವು ಒಳಗೆ ಹೋದಿರಿ. ಅದಕ್ಕೇ ನನ್ನ ಹೊಸ ಕತೆ ಬಿಟ್ಟು ನಮ್ಮ ತಾತನ ಕತೆಯನ್ನೇ ಹೇಳಿದೆ. ಅಮ್ಮ ಬದುಕಿದ್ದಾಗ ಹೇಳಿಕೊಟ್ಟ ಹಾಗೆ, ಒಂದಕ್ಷರ ಬಿಟ್ಟಿಲ್ಲ."

ಕೆರೆದಂಡೆಯೆಲ್ಲ ಗೊಳ್ಳೆಂದು ನಕ್ಕಿತು. "ಕಲ್ಲಜ್ಜ ಸಿಕ್ಕಿಬಿದ್ದ!" ಎಂದು ಕೋತಿ ಕುಣಿದಾಡಿತು.

ಕಲ್ಲಜ್ಜ ಮೆಲ್ಲನೆ ತಲೆ ಪೂರ್ತಿ ಹೊರಹಾಕಿದ. ಇಷ್ಟು ವರ್ಷ ಹಂಬಲಿಸಿದ ಕತೆ ತಾನಾಗಿ ಎದುರಿಗೆ ಬಂದಿತ್ತು, ತಾನು ಕೇಳಲೇ ಇಲ್ಲವಲ್ಲ!

"ತಪ್ಪಾಯ್ತು ಮಗಳೇ," ಎಂದ. "ನಿನ್ನ ಹೊಸ ಕತೆ ಹೇಳು. ಈ ಸಲ ಕೇಳ್ತೀನಿ."

ಕತ್ತನ್ನು ಉದ್ದಕ್ಕೆ ಚಾಚಿ ಕೂತ. ಸೂಜಿ ಶುರುಮಾಡಿದಳು. ಅವಳ ಕತೆಯಲ್ಲಿ ದೆವ್ವ ಇದೇ ಕೆರೆಯ ನೀರಿನಿಂದ ಎದ್ದು ಬರುತ್ತಿತ್ತು. ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ. ಸೂಜಿ ಬೆನ್ನಿನ ಮುಳ್ಳು ಅಲುಗಿಸಿದಳು. ಝಲ್!

ಕಲ್ಲಜ್ಜನ ಕತ್ತು ಸರಕ್ಕನೆ ಒಳಗೆ ಹೋಯಿತು.

"ಅಯ್ಯೋ ಪಾಪ!" ಎಂದರು ಎಲ್ಲರೂ. ಸೂಜಿ ತಲೆ ತಗ್ಗಿಸಿ ಬಂಡೆಯಿಂದ ಇಳಿಯತೊಡಗಿದಳು. ಆಗ ಚಿಪ್ಪಿನೊಳಗಿಂದ ನಡುಗುವ ದನಿಯೊಂದು ಕೇಳಿತು.

"ನಿಲ್ಲಿಸಬೇಡ ಮಗಳೇ... ಹೆದರಿಕೆಯಾಯ್ತು ಕಣೇ, ಅದಕ್ಕೇ ಒಳಗೆ ಬಂದೆ. ಆಮೇಲೆ ಏನಾಯ್ತು, ಹೇಳು!"

ನೀತಿ: ಹಳೆಯದರ ಮೇಲೆ ಎಷ್ಟೇ ಮಮತೆ ಇರಲಿ, ಹೊಸದನ್ನು ಕೇಳದೆ ತೀರ್ಪು ಕೊಟ್ಟರೆ ನಷ್ಟ ನಮಗೇ.