ಕೆಳಗೇರಿ ಬಾವಿಯ ಉಪ್ಪು

ಅಳಿವೆಕೋಟೆಯ ದೊರೆ ಡಂಗುರ ಹೊಡೆಸಿದ. ರಾಜಕುಮಾರಿ ಹೊನ್ನಲೆಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಧಾರೆಯೆರೆದು, ಬೇಡಿದ್ದನ್ನು ಕೊಡಲಾಗುವುದು. ತಪ್ಪಿದವನಿಗೆ ಸೆರೆ, ಹುಣ್ಣಿಮೆಯ ದಿನ ಶೂಲ.

ಒಗಟು ಅವಳವು, ಶೂಲ ಅಪ್ಪನದು. ಹೆದರಿಯಾದರೂ ವರಗಳ ಕಾಟ ತಪ್ಪೀತು ಎಂದುಕೊಂಡಿದ್ದಳು. ತಪ್ಪಲಿಲ್ಲ.

ಮಾಡಿದವನು ಸತ್ತ, ಮಾಡದವನಿಗೆ ಅಂಟಿತು, ಅದು ಯಾವುದು ಎಂದು ಕೇಳಿದಳು. ಬೆಟ್ಟದಾಚೆಯ ಪಾಳೆಯಗಾರ ‘ನಿಮ್ಮ ಚೆಲುವು’ ಎಂದ. ಏನು ಕೇಳಿದರೂ ಅವನದು ಅದೇ ಉತ್ತರವಿರಬೇಕು. ಪಂಡಿತನೊಬ್ಬ ಕರ್ಮವೆಂದು ಶುರುಮಾಡಿದವನು ಊಟದ ಹೊತ್ತಾದರೂ ಮುಗಿಸಲಿಲ್ಲ. ಕುದುರೆ ವ್ಯಾಪಾರಿಯ ಮಗ ಸಿಡುಬು ಎಂದ. ಹೊನ್ನಲೆ ಹಣೆ ಒತ್ತಿಕೊಂಡಳು. ಬರಬೇಡಿರೆಂದರೂ ಬಂದು, ಬಾಯಿಗೆ ಬಂದದ್ದು ಹೇಳಿ, ಸೆರೆ ಸೇರಿದ ಮೇಲೆ ಅವಳ ಹೆಸರು ಹಿಡಿದು ಅಳುವವರೇ ಎಲ್ಲ.

ಆಮೇಲೆ ಬಂದವನು ಇನಾಸ, ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಮಾರುವ ಕೆಳಗೇರಿಯ ಕ್ರಿಸ್ತುವರ ತರುಣ. ‘ನೀನೂ ಸಾಯಲು ಬಂದೆಯಾ?’ ಎಂದು ಸಿಡುಕಿ ಅದನ್ನೇ ಕೇಳಿದಳು.

‘ನಮ್ಮೂರ ಬಾವಿಯ ಉಪ್ಪು, ಒಡತಿ’ ಎಂದ ಇನಾಸ. ಅವಳ ಮುತ್ತಜ್ಜ ಶತ್ರುಗಳನ್ನು ಮುಳುಗಿಸಲು ಕಡಲ ಕಟ್ಟೆ ಕಡಿಸಿದ್ದ. ಶತ್ರುಗಳು ಮುಳುಗಿದರು, ಕೆಳಗೇರಿಯೂ ಮುಳುಗಿತು. ಇಂದು ಹುಟ್ಟಿದ ಕೂಸಿಗೂ ಅಲ್ಲಿ ಉಪ್ಪು ನೀರೇ.

ಹೊನ್ನಲೆ ನೆಟ್ಟಗೆ ಕುಳಿತಳು. ಬಾಲ್ಯದಿಂದ ಅವಳನ್ನು ಕೊರೆಯುತ್ತಿದ್ದುದು ಅದೇ. ಅದು ನಿಮ್ಮ ಪಾಪವಲ್ಲ, ಮರೆತುಬಿಡಿ ಎಂದವರೂ, ನಿಮ್ಮದೇ, ಹೋಮ ಮಾಡಿಸಿ ಎಂದವರೂ ಅವಳ ತಲೆ ತಿಂದಿದ್ದರು.

ಶಿಕ್ಷಿಸಿದರೂ ಅನ್ಯಾಯ, ಸುಮ್ಮನೆ ಬಿಟ್ಟರೂ ಅನ್ಯಾಯವಾಗುವ ತಪ್ಪನ್ನು ಏನು ಮಾಡಬೇಕು ಎಂದು ಎರಡನೆಯದನ್ನು ಕೇಳಿದಳು.

ಸರಿಮಾಡಬೇಕು ಎಂದ ಇನಾಸ. ಕಡಿದವನ ಮರಿಮಗಳನ್ನು ಶೂಲಕ್ಕೇರಿಸಿದರೆ ಬಾವಿ ಸಿಹಿಯಾಗದು, ಮರೆತರೂ ಆಗದು. ಕಟ್ಟೆ ಕಟ್ಟಿದರೆ ಆದೀತು.

‘ತನ್ನ ಕೊಳೆ ತಾನು ತೊಳೆದುಕೊಳ್ಳಲಾರದವರು ಯಾರು?’ ಮೂರನೆಯದನ್ನು ಕೇಳುವಾಗ ಅವಳ ದನಿ ಸಣ್ಣದಾಗಿತ್ತು.

‘ಆಗ ತಾನೇ ಹುಟ್ಟಿದ ಕೂಸು. ಅದಕ್ಕೇ ನಮ್ಮ ಇಗರ್ಜಿಯಲ್ಲಿ ಕೂಸಿಗೆ ದೀಕ್ಷಾಸ್ನಾನ. ತಪ್ಪು ಮಾಡಿದವನು ಮೊದಲ ಮನುಷ್ಯ ಆದಾಮ. ಅವನು ಕಳಕೊಂಡ ದೇವರ ಕೃಪೆ ಇಲ್ಲದೆಯೇ ನಾವು ಹುಟ್ಟುತ್ತೇವೆ. ಜನ್ಮಪಾಪ ಅಂದರೆ ಅದು, ನಾವು ಮಾಡಿದ್ದಲ್ಲ. ನೀರು ಹೊಯ್ಯಲು ಮಾತ್ರ ಇನ್ನೊಬ್ಬರ ಕೈ ಬೇಕು.’

ಮನೆತನದ ಕಳಂಕವನ್ನು ಒಬ್ಬಳೇ ಉಜ್ಜಿ ಉಜ್ಜಿ ಸೋತಿದ್ದ ಹೊನ್ನಲೆಗೆ, ಉಪ್ಪು ಕುಡಿದವನೇ ಬಂದು ಕೈ ಚಾಚಿದಂತಾಯಿತು. ಮೂರೂ ಸರಿ ಎಂದು ಸಾರಿದಳು.

ಇನಾಸ ಬೇಡಿದ್ದು ಸೆರೆಯವರ ಬಿಡುಗಡೆ, ಆಮೇಲೆ ಕಟ್ಟೆ. ದೊರೆಗೆ ರೇಗಿತು. ಕಡಿದವನು ನಾನಲ್ಲ, ನಾನೇಕೆ ಕಟ್ಟಲಿ ಎಂದ.

‘ನೀವು ಕಡಿದಿರಿ ಅಂತ ಯಾರೂ ಅನ್ನಲಿಲ್ಲ, ಅಪ್ಪಾಜಿ’ ಎಂದಳು ಹೊನ್ನಲೆ, ಸಾಕಾಗಿ ಹೋದ ದನಿಯಲ್ಲಿ. ‘ಕಟ್ಟಿ ಅನ್ನುತ್ತಿದ್ದಾರೆ.’

ದೊರೆ ಗೊಣಗುತ್ತಲೇ ಮೊದಲ ಬುಟ್ಟಿ ಮಣ್ಣು ಹೊತ್ತ. ಕಟ್ಟೆ ಎದ್ದ ಮೇಲೆ ಮದುವೆಯಾಯಿತು. ಕೆಲವು ಮಳೆಗಾಲ ಕಳೆದು, ಹೊನ್ನಲೆಯ ಮಗಳು ಕೆಳಗೇರಿಯ ಬಾವಿಯ ನೀರು ಕುಡಿದು ಇನ್ನಷ್ಟು ಬೇಕೆಂದಳು.