ಲೊಚಕ್ಕನ ಗುಲಾಬಿ ಹೊಟ್ಟೆ

ಎಲ್ಲರೂ ಕೂತಿರಾ? ಬಾಯಲ್ಲಿ ಚಕ್ಕುಲಿ ಇದ್ದವರು ಬೇಗ ನುಂಗಿ. ನಡುವೆ ನೀವೂ ಹೇಳಬೇಕು.

ಹೆಜಮಾಡಿಯಲ್ಲಿ ಒಂದು ಮನೆ. ಮನೆಯಲ್ಲಿ ಒಬ್ಬಳು ಅಜ್ಜಿ. ಅವಳು ವಾರಿಜಜ್ಜಿ. ಅಜ್ಜಿಯ ಚಾವಡಿಯಲ್ಲಿ ಒಂದು ಗಾಜಿನ ತೊಟ್ಟಿ. ತೊಟ್ಟಿಯ ತುಂಬ ಉಪ್ಪು ನೀರು. ನೀರಿನಲ್ಲಿ ಎರಡು ಪಟ್ಟೆ ಮೀನು, ಒಂದು ಕಲ್ಲು. ಕಲ್ಲಿನ ಮೇಲೆ ಒಂದು ಹವಳ. ಸರಕ್ಕೆ ಪೋಣಿಸುವ ಹವಳ ಅಲ್ಲ, ಜೀವ ಇರುವ ಹವಳ. ಗುಲಾಬಿ ಗುಲಾಬಿ ಬಣ್ಣ.

ತೊಟ್ಟಿಯ ಹೊರಗೆ, ಗಾಜಿಗೆ ಅಂಟಿಕೊಂಡು ಒಂದು ಹಲ್ಲಿ. ಅವಳು ಲೊಚಕ್ಕ. ಬೆಳಿಗ್ಗೆ ತೊಟ್ಟಿಯ ದೀಪ ಹೊತ್ತಿದರೆ ಸಾಕು, ಹವಳದ ಬಣ್ಣ ಲೊಚಕ್ಕನ ಹೊಟ್ಟೆಯ ಮೇಲೆ ಬೀಳುತ್ತಿತ್ತು. ಲೊಚಕ್ಕ ಕತ್ತು ಬಗ್ಗಿಸಿ ನೋಡುತ್ತಿದ್ದಳು. ಇಡೀ ಹೆಜಮಾಡಿಯಲ್ಲಿ ಗುಲಾಬಿ ಹೊಟ್ಟೆಯ ಹಲ್ಲಿ ತಾನೊಬ್ಬಳೇ ಅಂತ ಅವಳಿಗೆ ಜಂಬ.

ಜಂಬ ಇದ್ದರೂ ಲೊಚಕ್ಕ ಬಹಳ ಮರ್ಯಾದಸ್ಥೆ. ದೊಡ್ಡವರ ಮುಂದೆ ಲೊಚ ಲೊಚ ಅನ್ನಬಾರದು ಅಂತ ಅವಳ ಅಮ್ಮ ಹೇಳಿದ್ದಳು. ಯಾಕೆಂದರೆ ಹಲ್ಲಿ ಲೊಚ ಅಂದರೆ ಜನ ಮಾತು ನಿಲ್ಲಿಸುತ್ತಾರೆ. ನೆಲ ತಟ್ಟುತ್ತಾರೆ. "ಸತ್ಯ, ಸತ್ಯ" ಅನ್ನುತ್ತಾರೆ. ಪಾಪ, ಹಲ್ಲಿ ಆಕಳಿಸಿದ್ದೋ ಏನೋ.

ಒಂದು ಬೆಳಿಗ್ಗೆ ದೀಪ ಹೊತ್ತಿತು. ಲೊಚಕ್ಕ ಕತ್ತು ಬಗ್ಗಿಸಿದಳು. ನೋಡಿದರೆ ಹೊಟ್ಟೆ ಗುಲಾಬಿ ಇಲ್ಲ. ಹೊಟ್ಟೆ ಅಕ್ಕಿ ಹಿಟ್ಟಿನ ಹಾಗೆ ಬಿಳಿ. ಒಳಗೆ ಇಣುಕಿದಳು. ಹವಳವೂ ಬಿಳಿ.

"ಹವಳವೇ ಹವಳವೇ, ನಿನ್ನ ಬಣ್ಣ ಎಲ್ಲಿ ಹೋಯ್ತು?"

ಹವಳ ಸಣ್ಣ ದನಿಯಲ್ಲಿ ಹೇಳಿತು, "ನನ್ನೊಳಗೆ ಪುಟಾಣಿ ನೆಂಟರು ಇದ್ದರು. ಬಣ್ಣ ಅವರದ್ದೇ. ನನಗೆ ಊಟ ಹಾಕುವವರೂ ಅವರೇ. ನೀರು ಬಿಸಿ ಆಯ್ತು. ಸೆಕೆ ಸೆಕೆ ಅಂತ ಎದ್ದು ಹೋದರು. ನೀರು ತಣಿದರೆ ಬರ್ತಾರೆ. ತಣಿಯದಿದ್ದರೆ ನಾನು ಹಸಿದು ಹಸಿದು ಸತ್ತೇ ಹೋಗ್ತೇನೆ, ಲೊಚಕ್ಕ."

ಲೊಚಕ್ಕನಿಗೆ ಅಳು ಬಂತು. ಮೊದಲು ಹೊಟ್ಟೆಗಾಗಿ ಬಂತು. ಆಮೇಲೆ ಹವಳಕ್ಕಾಗಿ ಬಂತು. ಎರಡನೆಯ ಅಳು ದೊಡ್ಡದು.

ಸರ ಸರ ಹತ್ತಿದಳು. ನೀರಿನ ಹತ್ತಿರ ಹೋದಳು.

"ನೀರೇ ನೀರೇ, ತಣಿ.
ನೆಂಟರು ಬರುವುದಿಲ್ಲ,
ಹವಳಕ್ಕೆ ಬಣ್ಣ ಇಲ್ಲ,
ನನ್ನ ಹೊಟ್ಟೆ ಗುಲಾಬಿ ಇಲ್ಲ."

ನೀರು ಹೇಳಿತು, "ನಾನು ತಣಿಯುವುದಿಲ್ಲ. ನನಗೆ ಗಾಳಿ ಹಾಕುವ ಫ್ಯಾನು ನಿಂತು ನಾಲ್ಕು ದಿನ ಆಯ್ತು. ಅವನನ್ನೇ ಕೇಳು."

ಸರ ಸರ ಹತ್ತಿದಳು. ತೊಟ್ಟಿಯ ಅಂಚಿನ ಪುಟ್ಟ ಫ್ಯಾನಿನ ಹತ್ತಿರ ಹೋದಳು.

"ಫ್ಯಾನೇ ಫ್ಯಾನೇ, ಬೀಸು.
ನೀರು ತಣಿಯುವುದಿಲ್ಲ,
ನೆಂಟರು ಬರುವುದಿಲ್ಲ,
ಹವಳಕ್ಕೆ ಬಣ್ಣ ಇಲ್ಲ,
ನನ್ನ ಹೊಟ್ಟೆ ಗುಲಾಬಿ ಇಲ್ಲ."

ಫ್ಯಾನಿನ ಹಣೆಗೆ ಕುಂಕುಮ. ಕೊರಳಿಗೆ ಚೆಂಡು ಹೂವಿನ ಹಾರ. ಫ್ಯಾನು ಗತ್ತಿನಿಂದ ಹೇಳಿತು, "ನಾನು ಬೀಸುವುದಿಲ್ಲ. ನನಗೆ ಆಯುಧಪೂಜೆ ಆಗಿದೆ. ಪೂಜೆಯ ದಿನ ಯಂತ್ರಕ್ಕೆ ರಜೆ."

"ಪೂಜೆ ಮುಗಿದು ನಾಲ್ಕು ದಿನ ಆಯ್ತಲ್ಲ ಮಾರಾಯ. ಮಿಕ್ಸಿ ತಿರುಗ್ತಾ ಉಂಟು. ಗ್ರೈಂಡರು ರುಬ್ತಾ ಉಂಟು."

"ಅವರ ಹಾರ ತೆಗೆದಾಯ್ತು. ನನ್ನದು ತೆಗೀಲಿಲ್ಲ. ಹಾರ ಇರುವ ತನಕ ರಜೆ. ಹಾರವನ್ನೇ ಕೇಳು."

ಲೊಚಕ್ಕ ಹಾರದ ಕಡೆ ತಿರುಗಿದಳು.

"ಹಾರವೇ ಹಾರವೇ, ಬಿಡು.
ಫ್ಯಾನು ಬೀಸುವುದಿಲ್ಲ,
ನೀರು ತಣಿಯುವುದಿಲ್ಲ,
ನೆಂಟರು ಬರುವುದಿಲ್ಲ,
ಹವಳಕ್ಕೆ ಬಣ್ಣ ಇಲ್ಲ,
ನನ್ನ ಹೊಟ್ಟೆ ಗುಲಾಬಿ ಇಲ್ಲ."

ಹಾರ ಒಣಗಿ ಕಡ್ಡಿಯಾಗಿತ್ತು. ಆದರೂ ಬಿಗುಮಾನ ಬಿಡಲಿಲ್ಲ. "ನಾನು ಬಿಡುವುದಿಲ್ಲ. ಹಾಕಿದ ಕೈಯೇ ತೆಗೀಬೇಕು. ಹಾಕಿದ್ದು ಅಜ್ಜಿ. ಅಜ್ಜಿಯನ್ನೇ ಕೇಳು."

ಪರ ಪರ ಇಳಿದಳು. ಅಡುಗೆಮನೆಗೆ ಹೋದಳು. ಅಜ್ಜಿ ತೆಂಗಿನಕಾಯಿ ತುರಿಯುತ್ತಿದ್ದಳು.

"ಅಜ್ಜೀ ಅಜ್ಜೀ, ತೆಗೆ.
ಹಾರ ಬಿಡುವುದಿಲ್ಲ,
ಫ್ಯಾನು ಬೀಸುವುದಿಲ್ಲ,
ನೀರು ತಣಿಯುವುದಿಲ್ಲ,
ನೆಂಟರು ಬರುವುದಿಲ್ಲ,
ಹವಳಕ್ಕೆ ಬಣ್ಣ ಇಲ್ಲ,
ನನ್ನ ಹೊಟ್ಟೆ ಗುಲಾಬಿ ಇಲ್ಲ."

ಅಜ್ಜಿ ಹೇಳಿದಳು, "ಹೇಗೆ ತೆಗೆಯುದು ಮಾರಾಯ್ತಿ? ಮಿಕ್ಸಿಯದ್ದು ತಡಕಾಡಿ ತೆಗೆದೆ. ಫ್ಯಾನಿನ ರೆಕ್ಕೆಗೆ ನೂಲು ಸುತ್ತಿಕೊಂಡಿದೆ. ಕನ್ನಡಕ ಇಲ್ಲದೆ ಬಿಡಿಸ್ಲಿಕ್ಕೆ ಆಗುದಿಲ್ಲ. ನಾಳೆ ನೋಡುವ, ನಾಳೆ ನೋಡುವ ಅಂತ ನಾಲ್ಕು ದಿನ ಹೋಯ್ತು. ಹವಳ ಬಿಳಿಯಾಯ್ತಾ? ನನ್ನ ಕಣ್ಣಿಗೆ ಎಲ್ಲ ಮಂಜು ಮಂಜು. ನೀನು ನನ್ನ ಕನ್ನಡಕ ಹುಡುಕು, ನೋಡುವ."

ಲೊಚಕ್ಕ ಕ್ಯಾಲೆಂಡರಿನ ಹಿಂದೆ ಹುಡುಕಿದಳು. ಟಿವಿಯ ಹಿಂದೆ ಹುಡುಕಿದಳು. ಒಂದು ಸೊಳ್ಳೆ ಸಿಕ್ಕಿತು, ತಿಂದಳು. ಕನ್ನಡಕ ಸಿಗಲಿಲ್ಲ. ಆಗ ಆರಾಮ ಕುರ್ಚಿಯಿಂದ ಯಾರೋ ಮೆಲ್ಲಗೆ ಕರೆದ ಹಾಗಾಯಿತು. ನೋಡಿದರೆ ಕನ್ನಡಕದ ಒಂದು ಕಡ್ಡಿ.

"ಕನ್ನಡಕವೇ ಕನ್ನಡಕವೇ, ಬಾ.
ಅಜ್ಜಿ ತೆಗೆಯುವುದಿಲ್ಲ,
ಹಾರ ಬಿಡುವುದಿಲ್ಲ,
ಫ್ಯಾನು ಬೀಸುವುದಿಲ್ಲ,
ನೀರು ತಣಿಯುವುದಿಲ್ಲ,
ನೆಂಟರು ಬರುವುದಿಲ್ಲ,
ಹವಳಕ್ಕೆ ಬಣ್ಣ ಇಲ್ಲ,
ನನ್ನ ಹೊಟ್ಟೆ ಗುಲಾಬಿ ಇಲ್ಲ."

ಕನ್ನಡಕ ಉಸಿರು ಕಟ್ಟಿಕೊಂಡು ಹೇಳಿತು, "ನಾನು ಬರುವುದಿಲ್ಲ. ನನ್ನ ಮೇಲೆ ಬೆಕ್ಕು ಕೂತಿದೆ. ಅವನನ್ನೇ ಕೇಳು."

ಬೆಕ್ಕಿನ ಹೆಸರು ಪುಚ್ಚಣ್ಣ. ಬೆಕ್ಕಿನ ಹತ್ತಿರ ಹಲ್ಲಿ ಹೋಗಬಾರದು, ಅದು ನಿಮಗೂ ಗೊತ್ತು. ಲೊಚಕ್ಕ ಗೋಡೆಯ ಮೇಲೆ ಎತ್ತರಕ್ಕೆ ಹತ್ತಿದಳು. ಬಾಲವನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಅಲ್ಲಿಂದಲೇ ಕೂಗಿದಳು.

"ಪುಚ್ಚಣ್ಣ ಪುಚ್ಚಣ್ಣ, ಏಳು.
ಕನ್ನಡಕ ಸಿಗುವುದಿಲ್ಲ,
ಅಜ್ಜಿ ತೆಗೆಯುವುದಿಲ್ಲ,
ಹಾರ ಬಿಡುವುದಿಲ್ಲ,
ಫ್ಯಾನು ಬೀಸುವುದಿಲ್ಲ,
ನೀರು ತಣಿಯುವುದಿಲ್ಲ,
ನೆಂಟರು ಬರುವುದಿಲ್ಲ,
ಹವಳಕ್ಕೆ ಬಣ್ಣ ಇಲ್ಲ,
ನನ್ನ ಹೊಟ್ಟೆ ಗುಲಾಬಿ ಇಲ್ಲ."

ಪುಚ್ಚಣ್ಣ ಒಂದು ಕಣ್ಣು ತೆರೆದ. "ನಾನು ಏಳುವುದಿಲ್ಲ. ನವರಾತ್ರಿ ಅಂತ ಒಂಬತ್ತು ದಿನ ಈ ಮನೆಯಲ್ಲಿ ಮೀನಿಲ್ಲ. ಒಂಬತ್ತು ದಿನವೂ ತೊವ್ವೆ. ಹತ್ತನೆಯ ದಿನ ಪಾಯಸ. ಆಮೇಲೂ ಮೀನಿನ ಸುದ್ದಿ ಇಲ್ಲ. ನಾನು ಬೆಕ್ಕೋ, ಹಸುವೋ? ಬಂಗುಡೆಯ ವಾಸನೆ ಬರಲಿ, ಎದ್ದೇಳ್ತೇನೆ."

"ತೊಟ್ಟಿಯಲ್ಲಿ ಮೀನು ಉಂಟಲ್ಲ?"

"ಅದು ಟಿವಿ. ಟಿವಿಯ ಮೀನು ತಿನ್ನಲಿಕ್ಕೆ ಆಗ್ತದಾ?" ಅಂದ ಪುಚ್ಚಣ್ಣ. ತೆರೆದ ಕಣ್ಣು ಮುಚ್ಚಿದ.

ಪರ ಪರ ಇಳಿದಳು. ಗೇಟಿಗೆ ಓಡಿದಳು. ಮೀನು ಮಾರುವ ಬೇಬಿಯಕ್ಕ ಅದೇ ಹೊತ್ತಿಗೆ ಬಂದಿದ್ದಳು. ತಲೆಯ ಮೇಲೆ ಬುಟ್ಟಿ. ಬುಟ್ಟಿಯ ತುಂಬ ಬಂಗುಡೆ. ಗೇಟಿನ ಹೊರಗೆ ನಿಂತು ಯೋಚಿಸುತ್ತಿದ್ದಳು. ಲೊಚಕ್ಕ ಕೆಳಗಿನಿಂದ ಕೂಗಿದಳು.

"ಬೇಬಿಯಕ್ಕ ಬೇಬಿಯಕ್ಕ, ಒಳಗೆ ಬಾ.
ಪುಚ್ಚಣ್ಣ ಏಳುವುದಿಲ್ಲ,
ಕನ್ನಡಕ ಸಿಗುವುದಿಲ್ಲ,
ಅಜ್ಜಿ ತೆಗೆಯುವುದಿಲ್ಲ,
ಹಾರ ಬಿಡುವುದಿಲ್ಲ,
ಫ್ಯಾನು ಬೀಸುವುದಿಲ್ಲ,
ನೀರು ತಣಿಯುವುದಿಲ್ಲ,
ನೆಂಟರು ಬರುವುದಿಲ್ಲ,
ಹವಳಕ್ಕೆ ಬಣ್ಣ ಇಲ್ಲ,
ನನ್ನ ಹೊಟ್ಟೆ ಗುಲಾಬಿ ಇಲ್ಲ."

ಬೇಬಿಯಕ್ಕ ಬಗ್ಗಿ ನೋಡಲಿಲ್ಲ. ಬುಟ್ಟಿ ಹೊತ್ತವಳು ಬಗ್ಗಿದರೆ ಬಂಗುಡೆ ಎಲ್ಲ ರಸ್ತೆಗೆ. "ಯಾರಪ್ಪ ಅದು ಕೆಳಗೆ? ಈ ಮನೆಯ ವ್ರತ ಮುಗೀತೋ ಇಲ್ಲವೋ ನನಗೆ ಗೊತ್ತಿಲ್ಲ. ನಿನ್ನೆ ಆಚೆಮನೆಗೆ ಹೋಗಿ ಬೈಸಿಕೊಂಡೆ. ಹಲ್ಲಿ ನುಡಿದರೆ ಒಳಗೆ ಹೋಗುದು, ನುಡಿಯದಿದ್ದರೆ ಇಲ್ಲ. ನಮ್ಮ ಅಮ್ಮನ ಕಾಲದಿಂದ ಹಾಗೇ."

ಲೊಚಕ್ಕ ಗಡಿಬಿಡಿಗೆ ಬಿದ್ದಳು. ಈಗ ಹಲ್ಲಿಯನ್ನು ಎಲ್ಲಿಂದ ತರುವುದು? ಗೇಟಿನ ಕೆಳಗೆ ನೋಡಿದಳು. ಹಲ್ಲಿ ಇಲ್ಲ. ಹೂಕುಂಡದ ಹಿಂದೆ ನೋಡಿದಳು. ಹಲ್ಲಿ ಇಲ್ಲ. ಗೋಡೆಯ ಮೇಲೆ ಒಂದು ಕಾಗೆ ಬಂಗುಡೆ ನೋಡುತ್ತಾ ಕೂತಿತ್ತು.

"ಕಾಗಣ್ಣ ಕಾಗಣ್ಣ, ಎಲ್ಲಾದರೂ ಹಲ್ಲಿ ನೋಡಿದ್ಯಾ?"

ನಗಬೇಡಿ ಮಕ್ಕಳೇ. ಗಡಿಬಿಡಿಯಲ್ಲಿ ಯಾರಿಗೂ ಹಾಗಾಗುತ್ತದೆ.

ಕಾಗೆ ಕೇಳಿತು, "ನಿನ್ನ ಹಿಂದೆ ಒಂದು ಬಾಲ ಉಂಟಲ್ಲ, ಅದು ಯಾರದ್ದು?"

ಲೊಚಕ್ಕ ತಿರುಗಿ ನೋಡಿದಳು. "ನನ್ನದು."

"ಅಂಥ ಬಾಲ ಯಾರಿಗೆ ಇರುದು?"

"ಹಲ್ಲಿಗೆ."

ಲೊಚಕ್ಕ ಬಾಲವನ್ನು ಇನ್ನೊಮ್ಮೆ ನೋಡಿದಳು. ಆಮೇಲೆ "ಅಯ್ಯ, ನಾನೇ ಅಲ್ಲವಾ?" ಅಂದಳು.

ದೊಡ್ಡವರ ಮುಂದೆ ಅನ್ನಬಾರದು ಅಂತ ಅಮ್ಮ ಹೇಳಿದ್ದು ನೆನಪಾಯಿತು. ಬಿಳಿ ಹವಳವೂ ನೆನಪಾಯಿತು. ಅಮ್ಮನಿಗೆ ಆಮೇಲೆ ಹೇಳಿಕೊಂಡರಾಯಿತು ಅಂದುಕೊಂಡಳು. ಎದೆ ತುಂಬ ಉಸಿರು ತೆಗೆದುಕೊಂಡಳು. ಈಗ ನೀವೂ ಹೇಳಿ.

ಲೊಚ ಲೊಚ ಲೊಚ!

"ಸತ್ಯ, ಸತ್ಯ" ಅಂದಳು ಬೇಬಿಯಕ್ಕ. ಗೇಟು ತಳ್ಳಿದಳು.

ಬೇಬಿಯಕ್ಕ ಒಳಗೆ ಬಂದಳು.
ಬಂಗುಡೆಯ ವಾಸನೆ ಬಂತು.
ಪುಚ್ಚಣ್ಣ ಎದ್ದ.
ಕನ್ನಡಕ ಸಿಕ್ಕಿತು.
ಅಜ್ಜಿ ನೂಲು ಬಿಡಿಸಿದಳು.
ಹಾರ ಬಿಟ್ಟಿತು.
ಫ್ಯಾನು ಬೀಸಿತು.
ನೀರು ತಣಿಯಿತು.

ಒಮ್ಮೆಲೇ ತಣಿಯಲಿಲ್ಲ. ಮೆಲ್ಲಗೆ, ಮೆಲ್ಲಮೆಲ್ಲಗೆ ತಣಿಯಿತು.

ಅಜ್ಜಿ ಕನ್ನಡಕ ಏರಿಸಿ ತೊಟ್ಟಿಯೊಳಗೆ ನೋಡಿದಳು. ಅವಳ ಮುಖ ಬಾಡಿತು. "ನನ್ನಿಂದ ನಿನಗೆ ಹೀಗಾಯ್ತಲ್ಲ ಕೂಸೇ" ಅಂದಳು. ದೀಪದ ಬೆಳಕು ತಗ್ಗಿಸಿದಳು. ನೀರು ಕೆಡಬಾರದು ಅಂತ ಊಟ ಚಿಟಿಕೆಯಷ್ಟೇ ಹಾಕಿದಳು. "ಇನ್ನು ಯಾರೂ ಅದನ್ನು ಮುಟ್ಟಬಾರದು, ಕದಲಿಸಬಾರದು. ಕಾಯಬೇಕು ಅಷ್ಟೇ."

ಲೊಚಕ್ಕ ಗಾಜಿಗೆ ಹೊಟ್ಟೆ ಅಂಟಿಸಿ ಕಾದಳು. ಒಂದು ದಿನ ಕಾದಳು. ಹೊಟ್ಟೆ ಬಿಳಿ. ಒಂದು ವಾರ ಕಾದಳು. ಹೊಟ್ಟೆ ಬಿಳಿ. "ನೆಂಟರು ಬಸ್ಸು ತಪ್ಪಿಸಿಕೊಂಡರಾ?" ಅಂತ ಕೇಳಿದಳು. ಹವಳಕ್ಕೆ ಮಾತಾಡುವ ಶಕ್ತಿಯೂ ಇರಲಿಲ್ಲ. ಲೊಚಕ್ಕನಿಗೆ ಹೆದರಿಕೆಯಾಯಿತು. ಆದರೂ ಜಾಗ ಬಿಟ್ಟು ಏಳಲಿಲ್ಲ.

ಎರಡು ವಾರ ಕಾದಳು. ಮೂರು ವಾರ ಕಾದಳು. ಒಂದು ಬೆಳಿಗ್ಗೆ ದೀಪ ಹೊತ್ತಿತು. ಲೊಚಕ್ಕ ಕತ್ತು ಬಗ್ಗಿಸಿದಳು. ಹೊಟ್ಟೆಯ ನಡುವೆ ಒಂದು ಚುಕ್ಕೆ. ಸಾಸಿವೆ ಕಾಳಿನಷ್ಟು. ಗುಲಾಬಿ.

"ಲೊಚಕ್ಕ" ಅಂತು ಹವಳ, "ಒಬ್ಬರು ಬಂದರು."

ಮರುದಿನ ನಾಲ್ವರು ಬಂದರು. ಆಮೇಲೆ ಸಂಸಾರ ಸಮೇತ ಬಂದರು. ಹವಳಕ್ಕೆ ಬಣ್ಣ ಬಂತು. ಲೊಚಕ್ಕನ ಹೊಟ್ಟೆ ಗುಲಾಬಿ ಆಯಿತು.

ಮುಂದಿನ ಆಯುಧಪೂಜೆಗೆ ಅಜ್ಜಿ ಫ್ಯಾನಿಗೆ ಹಾರ ಹಾಕಲಿಲ್ಲ. ಕುಂಕುಮದ ಬೊಟ್ಟು ಮಾತ್ರ ಇಟ್ಟಳು. ಫ್ಯಾನು ತಿರುಗುತ್ತಲೇ ಪೂಜೆ ಮಾಡಿಸಿಕೊಂಡಿತು. ಮುಖ ಮಾತ್ರ ಊದಿಸಿಕೊಂಡಿತ್ತು.

ಫ್ಯಾನಿನ ಪಾಲಿನ ಹೊಸ ಚೆಂಡು ಹೂವಿನ ಹಾರವನ್ನು ಅಜ್ಜಿ ಎಲ್ಲಿ ಹಾಕಿದಳು ಗೊತ್ತಾ? ಗಾಜಿನ ಹೊರಗೆ, ಲೊಚಕ್ಕ ಕೂರುವ ಜಾಗದ ಸುತ್ತ. ಹಾರದ ನಡುವೆ ಲೊಚಕ್ಕ. ಲೊಚಕ್ಕನಿಗೆ ಗುಲಾಬಿ ಹೊಟ್ಟೆ.

ನನ್ನ ಮಾತು ಸುಳ್ಳಾಗಿದ್ದರೆ ಗೋಡೆಯ ಹಲ್ಲಿ ಸುಮ್ಮನಿರಲಿ. ನಿಜವಾಗಿದ್ದರೆ?

ಲೊಚ ಲೊಚ ಲೊಚ!