ವಲ್ಲಿಯ ಕೆಳಗಿನ ಬೆರಳು

ಬಹಳ ಹಿಂದಿನ ಮಾತು. ಎತ್ತುಗಳು ಲಾರಿ ಹತ್ತದೆ ತಮ್ಮ ಕಾಲ ಮೇಲೆ ತಾವೇ ಸಂತೆಗೆ ನಡೆದು ಬರುತ್ತಿದ್ದ ಕಾಲ. ಬಯಲುಸೀಮೆಯ ಸಂತಿಹಾಳ ಎಂಬ ಊರಿನಲ್ಲಿ ಫಕೀರಪ್ಪ ಅಂತ ಒಬ್ಬ ದನದ ದಲಾಲಿ ಇದ್ದ. ಎತ್ತಿನ ಬಾಯಿ ತೆರೆಸದೆ, ಬರೀ ನಡಿಗೆ ನೋಡಿ ಹಲ್ಲೆಷ್ಟು ಅಂತ ಹೇಳುತ್ತಿದ್ದನಂತೆ. ಕಣ್ಣು ಕಟ್ಟಿದರೂ ಗೊರಸಿನ ಸಪ್ಪಳದ ಮೇಲೆ ಹೇಳುತ್ತಿದ್ದ ಅಂತಲೂ ಅಂತಾರೆ. ಇರಲಿ, ಅಷ್ಟು ಸೇರಿಸಿಯೇ ಹೇಳುವುದು ಜನರ ರೂಢಿ.

ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಲಾಲಿ ಹೆಗಲ ಮೇಲಿನ ವಸ್ತ್ರವನ್ನು, ಅಂದರೆ ವಲ್ಲಿಯನ್ನು, ಕೈಮೇಲೆ ಹಾಸಿಕೊಳ್ಳುತ್ತಾನೆ, ಅದರ ಕೆಳಗೆ ಎದುರಿನವನ ಬೆರಳು ಹಿಡಿಯುತ್ತಾನೆ. ಒತ್ತಿ ಬಿಟ್ಟರೆ ಒಂದು ಅರ್ಥ, ಒತ್ತಿ ಹಿಡಿದರೆ ಇನ್ನೊಂದು. ಸುತ್ತ ನೂರು ಜನ ನಿಂತಿದ್ದರೂ ಗೊತ್ತಾಗುವುದು ಇಬ್ಬರಿಗೇ. ಆ ಬೆರಳ ಮಾತಿನಲ್ಲಿ ಫಕೀರಪ್ಪನನ್ನು ಮೀರಿಸಿದವರಿರಲಿಲ್ಲ.

ಒಂದು ವರ್ಷ ಅವನ ಗಂಟಲಿಗೆ ರೋಗ ಬಂತು. ಜೀವ ಉಳಿಯಿತು, ದನಿ ಹೋಯಿತು. ಬಾಯಿ ತೆರೆದರೆ ತಿದಿ ಒತ್ತಿದ ಹಾಗೆ ಬರೀ ಗಾಳಿ. ದಂಧೆಗೆ ಏನೂ ಕಡಿಮೆಯಾಗಲಿಲ್ಲ, ಬೆರಳಿದ್ದವಲ್ಲ. ಆದರೆ ಕಟ್ಟೆಯ ಮೇಲೆ ಕೂತರೆ ಜನ ಕಿವಿ ಹತ್ತಿರ ತಂದು, ಮುಖ ಸಣ್ಣ ಮಾಡಿ, 'ಪಾಪ' ಅನ್ನುತ್ತಿದ್ದರು. ಅದು ಅವನಿಗೆ ಸೇರಲಿಲ್ಲ. ಕಟ್ಟೆಗೆ ಹೋಗುವುದನ್ನೇ ಬಿಟ್ಟ. ಸಂತೆಯ ದಿನವೊಂದು ಬಿಟ್ಟರೆ ವಾರವೆಲ್ಲ ಮಾತಿಲ್ಲ.

ಹೀಗಿರುವಾಗ ಕೆಟ್ಟ ರೇಡಿಯೋ ಹಿಡಿದುಕೊಂಡು ರಿಪೇರಿಯ ಇಮಾಮಸಾಬನ ಅಂಗಡಿಗೆ ಹೋದ. ಇಮಾಮಸಾಬ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮೇಜಿನ ಮೇಲಿನ ಹಿತ್ತಾಳೆಯ ಕೀಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಗಿಡ್ಡಕ್ಕೆ ಒತ್ತುತ್ತಿದ್ದ. ಫಕೀರಪ್ಪ ತಂದ ಕೆಲಸ ಮರೆತು ನಿಂತುಬಿಟ್ಟ. ಇದು ವಲ್ಲಿಯ ಕೆಳಗಿನ ಮಾತಲ್ಲವೇ!

ಇಮಾಮಸಾಬ ಬಿಡಿಸಿ ಹೇಳಿದ. ಇದಕ್ಕೆ ಹ್ಯಾಮ್ ರೇಡಿಯೋ ಅಂತಾರೆ, ದೂರದೂರಿನವರೊಡನೆ ಮಾತಾಡಲು ಹವ್ಯಾಸಕ್ಕೆ ಇಟ್ಟುಕೊಳ್ಳುವುದು. ಈ ಉದ್ದ ಗಿಡ್ಡಗಳೇ ಅಕ್ಷರ, ಹೆಸರು ಮೋರ್ಸ್. ಗಂಟಲು ಬೇಕಿಲ್ಲ. ನಮ್ಮ ಮಾತು ಮುಗಿದ ಮೇಲೆ ಉದ್ದ, ಗಿಡ್ಡ, ಉದ್ದ ಒತ್ತಿದರೆ 'ಇನ್ನು ನೀವು ಹೇಳಿ' ಎಂದರ್ಥ.

"ಆದ್ರ ಕಾಕಾ, ಮೊದಲ ಬರೇ ಕೇಳೂದು. ಲೈಸೆನ್ಸ್ ಸಿಗೂತನಕ ಕೀ ಮುಟ್ಟಿದ್ರ ಸರಕಾರದವ್ರು ಪೆಟಗಿ ಸಮೇತ ಒಯ್ತಾರ."

ಫಕೀರಪ್ಪ ಎಂಟೇ ದಿನಕ್ಕೆ ಕಲಿತ ಅಂತಾರೆ. ಇಮಾಮಸಾಬನನ್ನು ಕೇಳಿದವರಿಗೆ ಅವನು ಹೇಳಿದ್ದು ಹನ್ನೊಂದು ತಿಂಗಳು. ಅದೇ ಸರಿ ಇರಬೇಕು. ಅಷ್ಟೂ ದಿನ ಅವನು ಕೇಳಿದ, ಬರೆದುಕೊಂಡ, ಊಟಕ್ಕೆ ಕೂತಾಗ ಚಮಚದಿಂದ ತಾಟು ಬಡಿದ. "ಹಂಗ ಬಡದ್ರ ರೊಟ್ಟಿ ಹೆಚ್ಚಿಗಿ ಬೀಳೂದಿಲ್ರಿ," ಅಂದಳಂತೆ ಹೆಂಡತಿ ಕಲ್ಲವ್ವ. ಕೊನೆಗೆ ಪಟ್ಟಣಕ್ಕೆ ಹೋಗಿ ಪರೀಕ್ಷೆ ಕೊಟ್ಟ. ಲೈಸೆನ್ಸೂ ಬಂತು, ಹಿಂದೆಯೇ ಮನೆಗೆ ರೇಡಿಯೋ ಪೆಟ್ಟಿಗೆಯೂ ಬಂತು. ಅದರ ಏರಿಯಲ್ ತಂತಿ ಈ ಊರಿನ ಗುಡ್ಡದಿಂದ ಆ ಊರಿನ ಗುಡ್ಡದವರೆಗೆ ಇತ್ತು ಅಂತಾರೆ. ಕಟ್ಟಿದ್ದು ಮನೆಯ ಬೇವಿನ ಮರದಿಂದ ಕೊಟ್ಟಿಗೆಯ ಕಂಬಕ್ಕೆ.

ಒಂಬತ್ತು ಮುಂಜಾನೆ ಕೀ ಒತ್ತಿ ಕರೆದ. ಯಾರೂ ಓಗೊಡಲಿಲ್ಲ. ಹತ್ತನೆಯ ಮುಂಜಾನೆ ಸಮುದ್ರದ ದಂಡೆಯಿಂದ ಒಬ್ಬ ಟೀಚರಮ್ಮ ಉತ್ತರಿಸಿದಳು. ಹೆಸರು ಲಿಲ್ಲಿ. ಹೆಸರು, ಊರು ಹೇಳಿಕೊಂಡು ಅವನಿಗೆ ಸರದಿ ಬಿಟ್ಟಳು. ಫಕೀರಪ್ಪನ ಬೆರಳಿಗೆ ಗೊತ್ತಿದ್ದುದು ಒಂದೇ ವಿಷಯ. ನಿಮ್ಮ ಕಡೆ ಜೋಡೆತ್ತಿಗೆ ಏನು ದರ ನಡೆದಿದೆ ಅಂತ ಕೇಳಿಬಿಟ್ಟ!

ಇಲ್ಲಿ ವ್ಯಾಪಾರದ ಮಾತು ಆಡುವಂತಿಲ್ಲ, ನಿಯಮ ಓದಿಲ್ಲವೇ ಅಂದಳು ಟೀಚರಮ್ಮ. ನಮಸ್ಕಾರ ಹೇಳಿ ಮುಗಿಸಿಬಿಟ್ಟಳು. ಉದ್ದ, ಗಿಡ್ಡ, ಉದ್ದ ಬರಲೇ ಇಲ್ಲ.

ನಿಯಮವನ್ನು ಅವನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ. ತನಗೆ ಸಂಬಂಧಪಟ್ಟದ್ದು ಅಂತ ಮಾತ್ರ ಅನ್ನಿಸಿರಲಿಲ್ಲ. ವಲ್ಲಿಯ ಕೆಳಗೆ ತಪ್ಪಿದರೆ ಇಬ್ಬರಿಗೆ ಗೊತ್ತು. ಇಲ್ಲಿ ಎಷ್ಟು ಕಿವಿ ಕೇಳಿದವೋ. ಪೆಟ್ಟಿಗೆಯ ಮೇಲೆ ವಲ್ಲಿ ಹೊದಿಸಿ ಕೂತ. ಅವನು ಹೆದರಿದ್ದು ಬೈಗುಳಕ್ಕಲ್ಲ. ದರ ಬಿಟ್ಟರೆ ಹೇಳಲು ತನ್ನ ಹತ್ತಿರ ಏನೂ ಇಲ್ಲ ಎಂಬುದು ಆಗಲೇ ಅವನಿಗೆ ಹೊಳೆದದ್ದು.

ಕಲ್ಲವ್ವನಿಗೂ ಹೊಳೆಯಿತು. "ಮಾತಾಡಾಕ ಬಾಯಿ ಸಿಕ್ತು, ಆಡಾಕ ಮಾತ ಇಲ್ಲ ನಿಮ್ ಹತ್ರ," ಎಂದು ನಕ್ಕಳು.

ಹದಿನೈದು ದಿನ ಕಳೆಯಿತು. ಒಂದು ಬೆಳಗ್ಗೆ ಕೊಟ್ಟಿಗೆಯಲ್ಲಿ ಆಕಳು ಕರು ಹಾಕಿತು. ಕಲ್ಲವ್ವ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು ಪೆಟ್ಟಿಗೆಯ ಮೇಲಿನ ವಲ್ಲಿ ಎಳೆದಳು. "ಇದನ್ನರ ಹೇಳ್ರಿ ಆಕಿಗೆ. ಇದಕ್ಕೇನು ರೇಟ್ ಐತಿ?"

ಕರೆದ. ಮತ್ತೆ ಮತ್ತೆ ಕರೆದ. ಆಮೇಲೆ ಅದೇ ಟೀಚರಮ್ಮ, ಹೆಚ್ಚು ಮಾತಿಲ್ಲ: ತನ್ನ ಗುರುತು, ಹಿಂದೆಯೇ ಉದ್ದ, ಗಿಡ್ಡ, ಉದ್ದ. ಫಕೀರಪ್ಪ ಕೀ ಮೇಲೆ ಬೆರಳಿಟ್ಟ. ನಮ್ಮ ಮನೆಯಲ್ಲಿ ಆಕಳು ಈದಿದೆ, ಹೆಣ್ಣುಗರು ಅಂತ ಹೇಳಿದ. ಈಗ ಎಷ್ಟು ಸೇರು ಹಾಲು ಅಂತ ಕೇಳುತ್ತಾಳೆ ಎಂದುಕೊಂಡ.

ಕರುವಿನ ಬಣ್ಣ ಯಾವುದು ಅಂತ ಕೇಳಿದಳು ಆಕೆ.

ಕೊಳ್ಳುವ ಮನಸ್ಸಿಲ್ಲದವರು ಅವನನ್ನು ಎಂದೂ ಹಾಗೆ ಕೇಳಿರಲಿಲ್ಲ. ಫಕೀರಪ್ಪ ಕೊಟ್ಟಿಗೆಗೆ ಓಡಿ ಇನ್ನೊಮ್ಮೆ ನೋಡಿ ಬಂದ. ಕಂದು, ಹಣೆಯ ಮೇಲೆ ಬೆರಳಗಲ ಬಿಳಿ ಅಂದ. ಆಕೆ ತನ್ನ ಮನೆಯ ಬೆಕ್ಕಿನ ಸುದ್ದಿ ಹೇಳಿದಳು. ಬಿಸಿಲು ಏರುವವರೆಗೂ ಮಾತಾಡಿದರು ಅಂತಾರೆ. ಮುಂದೆ ಏಳು ಸಮುದ್ರದಾಚೆಯ ಜನರೊಡನೆಯೂ ಅವನು ಆಡಿದ ಅಂತಾರೆ. ಅವನಿಗೆ ದನಿಯಿಲ್ಲ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇದಕ್ಕೆ ಜನ ಸೇರಿಸಿದ್ದೇನೂ ಇಲ್ಲ.

ಸಂತಿಹಾಳದ ಸಂತೆಯಲ್ಲಿ ಇವತ್ತಿಗೂ ನೋಡಬಹುದು. ಎತ್ತು ಮಾರಲಿ ಬಿಡಲಿ, ದಲಾಲಿ ವಲ್ಲಿ ತೆಗೆಯುವ ಮುಂಚೆ ಎದುರಿನವನ ಬೆರಳನ್ನು ಉದ್ದ, ಗಿಡ್ಡ, ಉದ್ದ ಒತ್ತುತ್ತಾನೆ. ಯಾಕೆ ಅಂತ ಈಗಿನವರಿಗೆ ತಿಳಿಯದು. ಆದರೆ ಒತ್ತಿದ ಮೇಲೆ ದರದ್ದಲ್ಲದ ಒಂದು ಮಾತನ್ನಾದರೂ ಕೇಳಿಸಿಕೊಳ್ಳದೆ ಅಲ್ಲಿಂದ ಯಾರೂ ಕದಲುವುದಿಲ್ಲ.